ಜೆಟ್ಟಿನ ಕೊಳವೆಯಲ್ಲಿ ಸಿಕ್ಕಿದ್ದು

ಡೊರೀನ್,

ಊಟದ ಮೇಜಿನ ಮೇಲಿರುವ, ರಿಮೋಟಿನಲ್ಲಿ ಹಾರಿಸುವ ನಿನ್ನ ಪುಟ್ಟ ಜೆಟ್ಟಿನ ರೆಕ್ಕೆಯನ್ನು ಸಂಜೆಯವರೆಗೆ ಮುಟ್ಟಬೇಡ, ಅಂಟು ಒಣಗಬೇಕು. ಬಟ್ಟೆ ಕ್ಲಿಪ್ಪುಗಳೆಲ್ಲ ಅದಕ್ಕೇ ಹೋಗಿವೆ, ಬೈಯಬೇಡ. ಫ್ರಿಜ್ಜಿನಲ್ಲಿ ಬೀನ್ಸ್, ಮಾಂಸ ಹಾಕಿದ ಚಿಲಿ ಇದೆ, ಬಿಸಿ ಮಾಡಿಕೋ.

ತಿಂದಾದ ಮೇಲೆ, ಮೊದಲಲ್ಲ, ಕಿಟಕಿಯ ಹತ್ತಿರ ಇಟ್ಟಿರುವ ಜಾಮ್ ಬಾಟಲಿ ನೋಡು. ಜೆಟ್ಟಿನ ಇಂಧನ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆಯನ್ನು ಸೀಳಿದಾಗ ಸಿಕ್ಕಿದ್ದು ಅದು: ಒಣಮಣ್ಣು, ಅದರೊಳಗೆ ಕಾಲು ಮಡಚಿಕೊಂಡ ಐದು ಪುಟ್ಟ ಜೇಡಗಳು. ಕಣಜ ಗೂಡು ಕಟ್ಟಿ ತನ್ನ ಮರಿಗೆ ಬುತ್ತಿ ಇಟ್ಟಿದೆ! ಅಷ್ಟು ಕಿರಿದಾದ ಕೊಳವೆಯೊಳಗೆ ಅದು ಹೇಗೆ ನುಗ್ಗಿತೋ, ಭೂತಗನ್ನಡಿ ಹಿಡಿದು ನೀನೇ ನೋಡಿ ಹೇಳು.

ಗಾಳಿಯ ದಾರಿ ಕಟ್ಟಿಕೊಂಡರೆ ಟ್ಯಾಂಕಿನಿಂದ ಇಂಧನ ಬರುವುದಿಲ್ಲ, ಎಂಜಿನ್ ತಾನಾಗಿಯೇ ಆರುತ್ತದೆ. ಶನಿವಾರ ಇಂಧನ ತುಂಬಲು ಹೊತ್ತು ಹಿಡಿದಾಗ ಪಂಪನ್ನು ಬೈದು ಸುಮ್ಮನಾದವನು ನಾನು. ಬೇಸಿಗೆಯಲ್ಲಿ ನೀನು ಗ್ಯಾರೇಜಿನ ಕಣಜಗಳಿಗೆ ಔಷಧಿ ಹೊಡೆಯಲು ಹೊರಟಾಗ "ಪಾಪ, ಬಿಡೇ, ಅವು ನಿನಗೇನ್ ಮಾಡ್ತವೆ?" ಎಂದವನೂ ನಾನೇ.

ನೀನು ನೋಡಿದರೆ ಜೆಟ್ಟು ಬಿದ್ದ ಸೋಯಾ ಹೊಲದಲ್ಲಿ ಅದರ ಚೂರು ಆರಿಸುತ್ತ, "ಹೆಬ್ಬೆರಳು ನಡುಗ್ತು ಕಣೋ ವರ್ಲಿನ್, ನಾನೇ ಎಂಜಿನ್ ಆರಿಸ್ಬಿಟ್ಟೆ. ವಯಸ್ಸಾಯ್ತು, ಇನ್ನು ಸಾಕು" ಅಂದೆ. ನಿನ್ನ ಹೆಬ್ಬೆರಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ನಾನಿನ್ನು ಹಾರಿಸುವುದಿಲ್ಲ, ರಿಮೋಟ್ ತೆಗೆದುಕೊಂಡು ಹೋಗು ಎಂದು ನೀನು ಕರೆದಿದ್ದೀಯಲ್ಲ, ನಿನ್ನ ವಿಮಾನದ ಕ್ಲಬ್ಬಿನ ಹಾರ್ಲನ್, ಅವನು ಮೂರಕ್ಕೆ ಬರುತ್ತಾನೆ. ಕಾಫಿ ಕೊಟ್ಟು, ಬಾಟಲಿ ತೋರಿಸಿ ಕಳಿಸು. ರಿಮೋಟ್‌ಗಾಗಿ ಮನೆಯೆಲ್ಲ ಹುಡುಕಬೇಡ. ಅದು ನಾನು ಓಡಿಸುವ ಸ್ಕೂಲ್ ಬಸ್ಸಿನಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು ಕೂತಿದೆ.

ವರ್ಲಿನ್