ಚಕ್ರ ಬಿಡದವರನ್ನು ಬಿಟ್ಟ ವರದಿಯ ಬಗ್ಗೆ

ವಿಮಾನ ಅಪಘಾತದ ತನಿಖಾಧಿಕಾರಿಗಳೇ,

ಮಾಲೂರಿನಾಚೆಯ ತರಬೇತಿ ರನ್‌ವೇ ಮೇಲೆ ಎರಡು ಎಂಜಿನ್ನಿನ ಪುಟ್ಟ ವಿಮಾನವೊಂದು ಚಕ್ರ ಬಿಡದೆ ಹೊಟ್ಟೆಯ ಮೇಲೆ ಇಳಿದದ್ದಕ್ಕೆ ನಾನು ಕಾರಣ ಎಂದು ತಾವು ಬರೆದಿದ್ದೀರಿ. ನಾನು ಆ ರನ್‌ವೇಯ ಕಾವಲುಗಾರ. ನನ್ನ ಕೈಯಲ್ಲಿದ್ದದ್ದು ಒಂದು ಕೆಂಪು ಬಟ್ಟೆ. ಚಕ್ರ ಬಿಡುವ ಹಿಡಿಕೆ ಇದ್ದದ್ದು ಹಿರಿಯ ತರಬೇತುದಾರರ ಕೈಯಳತೆಯಲ್ಲಿ. ನೆಲದ ಮೇಲೆ ನಿಂತ ನಾನು ಆ ಹಿಡಿಕೆಯನ್ನು ಒತ್ತಲು ಹೇಗೆ ಮರೆತೆ ಎಂಬುದನ್ನು ವರದಿ ವಿವರಿಸಿಲ್ಲ.

ಹನ್ನೊಂದು ವರ್ಷ ರನ್‌ವೇ ತುದಿಯಲ್ಲಿ ನಿಂತವನಿಗೂ ಒಂದಿಷ್ಟು ವಿದ್ಯೆ ಹತ್ತುತ್ತದೆ, ಸ್ವಾಮಿ. ಅಂದು ಒಂದು ಎಂಜಿನ್ ಕೆಟ್ಟಂತೆ ನಟಿಸಿ ಇಳಿಯುವ ಪಾಠ. ತರಬೇತುದಾರರು ತಾವೇ ಮಾಡಿ ತೋರಿಸುತ್ತಿದ್ದರು. ಚಕ್ರ ಹೊರಬಂದರೆ ಗಾಳಿ ತಡೆಯುತ್ತದೆ, ಉಳಿದ ಒಂದು ಎಂಜಿನ್ನಿಗೆ ಅದು ಹೊರೆ. ಅದಕ್ಕೇ ಈ ಪಾಠದಲ್ಲಿ ಕೊನೆಯವರೆಗೂ ಚಕ್ರ ಮಡಚಿಟ್ಟು, ನೆಲ ಮುಟ್ಟುವ ಸ್ವಲ್ಪ ಮುಂಚೆ ಬಿಡುತ್ತಾರೆ. ಒಂದು ಎಂಜಿನ್ ತಗ್ಗಿಸಿದ ಕೂಡಲೇ, ಚಕ್ರ ಬಿಟ್ಟಿಲ್ಲವೆಂದು ಒಳಗೆ ಹಾರ್ನ್ ಕೂಗಲು ಶುರು. ಪಾಠದುದ್ದಕ್ಕೂ ಕೂಗುತ್ತದೆ, ದಿನಾ ಕೂಗುತ್ತದೆ. ಕೇಳಿ ಕೇಳಿ ಹಿರಿಯರ ಕಿವಿಗೆ ಅದು ಬೀಳುವುದೇ ಇಲ್ಲ. ಅಂದು ನೆಲ ಮುಟ್ಟುವ ಹೊತ್ತಿನಲ್ಲೂ ಬೀಳಲಿಲ್ಲ.

ಇಳಿದು ಬರುತ್ತಿದ್ದ ವಿಮಾನದ ಹೊಟ್ಟೆಯಡಿ ಚಕ್ರ ಕಾಣದ್ದರಿಂದ ನಾನು ಬಟ್ಟೆ ಬೀಸಿದೆ. ನಮ್ಮಲ್ಲಿ ಕೆಂಪು ಬಟ್ಟೆ ಬೀಸುವುದು ರನ್‌ವೇಗೆ ದನ ನುಗ್ಗಿದಾಗ. ಅದರಿಂದ ಗಮನ ತಪ್ಪಿತು ಎಂದು ತರಬೇತುದಾರರು ಹೇಳಿದರು, ತಾವು ಬರೆದುಕೊಂಡಿರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ನೆಲಕ್ಕೆ ನೋಟಿಸು ಕೊಟ್ಟವರು ತಾವೊಬ್ಬರೇ. ದನವೆಂದೇ ತಿಳಿದರು ಅನ್ನೋಣ. ಆಗಲೂ ವಿಮಾನವನ್ನು ಮೇಲಕ್ಕೆ ಎತ್ತಬೇಕಿತ್ತಲ್ಲವೇ? ದನದ ಮೇಲೆ ಇಳಿಯುವ ಪಾಠವೂ ಇದೆಯೇ?

ಪಕ್ಕದ ಸೀಟಿನಲ್ಲಿದ್ದ ವಿದ್ಯಾರ್ಥಿನಿ ರಮ್ಯಳನ್ನು ತಾವು ಕೇಳಲೇ ಇಲ್ಲ. ಅವಳೇ ಹುತ್ತೂರಿಗೆ, ನಮ್ಮ ಮನೆಗೆ ಬಂದಳು.

“ನಾನು ‘ಸರ್, ಚಕ್ರ ಬಿಟ್ಟಿಲ್ಲ’ ಅಂದೆ ಅಣ್ಣ. ‘ಮೊದ್ಲು ದನ ಎಲ್ಲಿದೆ ನೋಡಮ್ಮ’ ಅಂದ್ರು. ಆಮೇಲೆ, ಬಾಯಿ ಬಿಟ್ರೆ ಪರೀಕ್ಷೆ ಹೆಂಗೆ ಪಾಸಾಗ್ತೀಯೋ ನೋಡ್ತೀನಿ ಅಂದ್ರು.”

“ಮತ್ತೆ ಯಾಕಮ್ಮ ಬಂದೆ?”

“ನಿಮ್ಮನ್ನ ಕೆಲಸದಿಂದ ತೆಗೆದ್ರಲ್ಲ. ನನ್ನ ಹೆಸರು ಹಾಕೇ ಬರೀರಿ.”

ಅವಳು ಸಹಿ ಮಾಡಿದ ಹೇಳಿಕೆಯನ್ನು ಲಗತ್ತಿಸಿದ್ದೇನೆ. ನನ್ನ ಪಾಡು ಕೇಳಿ: ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದರೆ ಪಕ್ಕದ ಮನೆಯ ಮುನಿಶಾಮಿ, “ಏನ್ಲಾ ಗಂಗುಲಪ್ಪ, ಇವತ್ತು ಯಾವ ವಿಮಾನ ಬೀಳಿಸ್ತೀಯಾ?” ಅನ್ನುತ್ತಾನೆ. ಸಾಲಿಗೆ ಸಾಲೇ ನಗುತ್ತದೆ. ಒಂದು ಕರುವಿಗೂ ವಿಮಾನ ತಾಗದಂತೆ ಹನ್ನೊಂದು ವರ್ಷ ಕಾದವನು ನಾನು. ನನಗೆ ಸೇಡು ಬೇಕು. ಅದನ್ನು ನ್ಯಾಯ ಎಂದು ಕರೆದು ತಮ್ಮ ಸಮಯ ಹಾಳುಮಾಡುವುದಿಲ್ಲ.

ಹದಿನೈದು ದಿನದಲ್ಲಿ ವರದಿಯಿಂದ ನನ್ನ ಹೆಸರು ತೆಗೆಯಿರಿ, ತೆಗೆದ ಕಾರಣವನ್ನೂ ಅಲ್ಲೇ ಬರೆಯಿರಿ. ರಮ್ಯಳ ಪರೀಕ್ಷೆಯನ್ನು ಬೇರೆಯವರು ನಡೆಸಲಿ. ತರಬೇತುದಾರರನ್ನು ಮಾತ್ರ ಕೆಲಸದಿಂದ ತೆಗೆಯಬೇಡಿ. ತೆಗೆದರೆ ಮನೆಯಲ್ಲಿ ಕೂತು ಮರೆತುಬಿಡುತ್ತಾರೆ. ಅವರು ಅಲ್ಲೇ ಇರಲಿ. ಪ್ರತಿ ಹೊಸ ತಂಡಕ್ಕೆ ಮೊದಲ ದಿನದ ಮೊದಲ ಪಾಠವಾಗಿ, “ಚಕ್ರ ಬಿಡದೆ ಇಳಿದವನು ನಾನು, ತಪ್ಪನ್ನು ಕಾವಲುಗಾರನ ತಲೆಗೆ ಕಟ್ಟಿದವನೂ ನಾನೇ” ಎಂದು ತಮ್ಮ ಬಾಯಿಂದಲೇ ಹೇಳಲಿ. ನಿವೃತ್ತಿಯಾಗುವವರೆಗೆ ಹೇಳಲಿ. ವಿದ್ಯಾರ್ಥಿಗಳು ನಕ್ಕರೆ ಯಾರೂ ತಡೆಯಬಾರದು.

ಇಂತಿ,
ಕೆಲಸ ಹೋದರೂ ತಮ್ಮ ವರದಿಯಲ್ಲಿ ಇನ್ನೂ ಸೇವೆಯಲ್ಲಿರುವ
ಗಂಗುಲಪ್ಪ, ಹುತ್ತೂರು