ಮೂರನೆಯ ಮಳೆಗಾಲ

ಬೇವಿನಗುಡ್ಡದ ವಿಹಾರ,
ಸಗೈಂಗ್.
ದೀಪದ ಹುಣ್ಣಿಮೆಗೆ ಇನ್ನು ಒಂಬತ್ತು ದಿನ.

ಪೂಜ್ಯ ಭಂತೆ ಖೇಮಿಂದ ಅವರ ಪಾದಗಳಿಗೆ ಪದೀಪನ ವಂದನೆಗಳು.

ಇಷ್ಟು ಓದಿದ ಕೂಡಲೇ ನೀವು ಕನ್ನಡಕ ತೆಗೆದು ಒರೆಸಿಕೊಂಡಿರುತ್ತೀರಿ. ಮೂವತ್ತಾರು ವರ್ಷಗಳಿಂದ ಭಂತೆ ಎಂದು ಕರೆದವರು ನೀವು, ಕರೆಸಿಕೊಂಡವನು ನಾನು. ಕಿರಿಯ ಭಿಕ್ಷುವೆಂದು ನಿಮ್ಮನ್ನು ಹೆಸರು ಹಿಡಿದು, ನೀನು ತಾನು ಎಂದೇ ಮಾತನಾಡಿಸುತ್ತ ಬಂದೆ. ಈಗ ಇದ್ದಕ್ಕಿದ್ದಂತೆ ತಿರುಗುಮುರುಗಾಗಿದೆ. ನನಗೆ ಅರಳುಮರಳು ಹಿಡಿಯಿತೆಂದು ಪಕ್ಕದವರಿಗೆ ಹೇಳುವ ಮೊದಲು ದಯವಿಟ್ಟು ಪತ್ರವನ್ನು ಪೂರ್ತಿ ಓದಿ.

ಇಲ್ಲಿ ಮಳೆ ಹಿಂದೆಗೆದಿದೆ. ಐರಾವತಿ ಇಳಿದು ಸೋಪಾನದ ಮೂರನೆಯ ಮೆಟ್ಟಿಲು ಕಾಣುತ್ತಿದೆ. ಎರಡು ತಿಂಗಳಿಂದ ಒಣಗದಿದ್ದ ಚೀವರಗಳೆಲ್ಲ ಹಗ್ಗದ ಮೇಲಿವೆ, ವಿಹಾರದ ತುಂಬ ಮುಗ್ಗಲು ವಾಸನೆ. ಗ್ರಂಥಗಳ ಕೋಣೆಗೆ ಗೆದ್ದಲು ಬಂದಿತ್ತು. ಗೆದ್ದಲನ್ನು ಕೊಲ್ಲುವಂತಿಲ್ಲವಾದ್ದರಿಂದ ಗ್ರಂಥಗಳನ್ನೇ ಬೇರೆ ಕಡೆ ಸಾಗಿಸಿದೆವು. ಈಗ ಆ ಕೋಣೆ ಗೆದ್ದಲಿನದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಬಾಯಿಪಾಠ, ಸಂಜೆ ಒಪ್ಪಿಸುವುದು, ಎಲ್ಲ ನೀವಿದ್ದಾಗಿನಂತೆಯೇ ನಡೆದಿದೆ. ನಿಮ್ಮಷ್ಟು ತಾಳ್ಮೆಯಿಂದ ಕೇಳಿಸಿಕೊಳ್ಳುವವರು ಮಾತ್ರ ಯಾರೂ ಇಲ್ಲ. ದೋ ಓನ್ ಚೀ ಅಜ್ಜಿ ತನ್ನ ಹಿತ್ತಲಿನ ಸೋರೆಕಾಯಿ ಮುಗಿಯುವ ತನಕ ನಮಗೆ ಬಿಡುಗಡೆಯಿಲ್ಲವೆಂದು ತೀರ್ಮಾನಿಸಿದಂತಿದೆ. ನಲವತ್ತು ದಿನದಿಂದ ಪಾತ್ರೆಗೆ ಅದೇ ಬೀಳುತ್ತಿದೆ. ಮೊನ್ನೆ ನಿಮ್ಮನ್ನು ವಿಚಾರಿಸಿದಳು. "ಆ ಕನ್ನಡಕದ ಗುರುಗಳು ಪಖೊಕ್ಕುನಲ್ಲೇ ಉಳ್ಕೊಂಡ್ಬಿಟ್ರಾ? ಅಲ್ಲೇನ್ ಚಿನ್ನದ ಅನ್ನ ಹಾಕ್ತಾರಾ?" ಎಂದಳು. ಅಲ್ಲಿ ಪಾಠ ಹೇಳಲು ಹೋಗಿದ್ದಾರೆ, ಮಳೆಗಾಲ ಮುಗಿಯುವವರೆಗೆ ಆ ಎಲ್ಲೆ ದಾಟುವಂತಿಲ್ಲ ಎಂದೆ. "ಪಾಠ ಹೇಳೋಕೆ ಇಲ್ಲಿ ಗೋಡೆ ಇರ್ಲಿಲ್ವಾ? ಇಲ್ಲೂ ಗೋಡೆಗೇ ತಾನೆ ಹೇಳ್ತಿದ್ದಿದ್ದು" ಎಂದು ನಕ್ಕು ಹೋದಳು.

ದೊಡ್ಡ ಗುರುಗಳು ಹೋಗಿ ಐದು ತಿಂಗಳಾಯಿತು. ಅವರ ಬೆತ್ತದ ಪೀಠ ಇನ್ನೂ ಖಾಲಿಯಿದೆ. ಮಳೆಗಾಲ ಕಳೆದ ಮೇಲೆ ಎಲ್ಲರಿಗಿಂತ ಹಿರಿಯರು ಅದರ ಮೇಲೆ ಕೂರಲಿ ಎಂದು ಚಿತೆಯ ಬಳಿಯೇ ಮಾತಾಗಿತ್ತು, ನೀವೂ ಅಲ್ಲಿದ್ದಿರಿ. ನಮ್ಮಲ್ಲಿ ಹಿರಿತನಕ್ಕೆ ವಯಸ್ಸು ಬೇಡ, ಓದು ಬೇಡ, ಭಂಗವಿಲ್ಲದೆ ಕಳೆದ ಮಳೆಗಾಲಗಳ ಎಣಿಕೆಯೊಂದೇ ಸಾಕು. ಆ ಲೆಕ್ಕದಲ್ಲಿ ನಾನು ಮೊದಲು, ನೀವು ಎರಡನೆಯವರು. ಇಬ್ಬರ ನಡುವಿನ ಅಂತರ ನಿಮ್ಮ ಭಿಕ್ಷಾಪಾತ್ರೆಯ ಪಟ್ಟಿಯಷ್ಟು. ದೀಕ್ಷೆಯ ದಿನ ಅದು ಕಿತ್ತುಹೋಗಿ ನೀವು ಗಂಟು ಹಾಕುತ್ತ ಕುಳಿತಿರಿ, ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು. ಆ ಗಂಟಿನ ಫಲವಾಗಿ ನೀವು ಮೂವತ್ತಾರು ವರ್ಷ ನನಗೆ ಬಾಗಿದ್ದೀರಿ.

ನನಗೆ ಪೀಠದ ಆಸೆಯಿಲ್ಲ ಎಂದು ಈ ಐದು ತಿಂಗಳು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಹಾಗೆ ಹೇಳುವುದು ನಮ್ಮ ವೇಷಕ್ಕೆ ಒಪ್ಪುತ್ತದೆ. ನಿಜವೆಂದರೆ ನನಗೆ ಅದು ಬೇಕಿತ್ತು, ತುಂಬ ಬೇಕಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹೋಗಿ ಕುಳಿತೂ ನೋಡಿದೆ. ಬೆತ್ತ ಕಿರುಗುಟ್ಟಿತು. ತಲೆಯೆತ್ತಿದರೆ ಕಿಟಕಿಯ ಆಚೆ ದೋ ಓನ್ ಚೀ, ಕೈಯಲ್ಲಿ ಪೊರಕೆ. "ಏನ್ ಗುರುಗಳೇ, ಅಳತೆ ಸರಿಹೋಯ್ತಾ?" ಎಂದಳು. ಧೂಳು ಒರೆಸುತ್ತಿದ್ದೆ ಎಂದೆ. "ಬೆನ್ನಿಂದಾನಾ?" ಎಂದು ಕೇಳಿದಳು. ಅವಳು ಯಾರಿಗೂ ಹೇಳಿಲ್ಲ, ಅಥವಾ ಎಲ್ಲರಿಗೂ ಹೇಳಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ.

ಈ ಸಲ ವಿನಯ ನಿಯಮಗಳ ಪಾಠ ನನ್ನ ಪಾಲಿಗೆ ಬಂತು. ಹೋದ ವಾರ ವರ್ಷಾವಾಸದ ಅಧ್ಯಾಯ. ಮಳೆಗಾಲದ ಮೂರು ತಿಂಗಳು ಎಲ್ಲೆ ದಾಟಬಾರದು, ತಾಯಿ ತಂದೆ ಕಾಯಿಲೆ ಬಿದ್ದರೆ ಏಳು ದಿನ ಹೋಗಿಬರಬಹುದು, ಎಂಟನೆಯ ದಿನದ ಬೆಳಕು ಹರಿಯುವ ಮುಂಚೆ ಎಲ್ಲೆಯ ಒಳಗಿರಬೇಕು. ಇದನ್ನೆಲ್ಲ ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಒಬ್ಬ ಹೊಸ ಭಿಕ್ಷು, ಶಾನ್ ಬೆಟ್ಟದ ಕಡೆಯವನು, ಕೈಯೆತ್ತಿದ. "ಎಲ್ಲೆಯಿಂದ ಹತ್ತು ಹೆಜ್ಜೆ ದೂರದಲ್ಲಿದ್ದಾಗ ಬೆಳಕು ಹರಿದ್ರೆ ಭಂತೆ? ಹತ್ತೇ ಹೆಜ್ಜೆ. ಆಗ್ಲೂ ಆ ಮಳೆಗಾಲ ಪೂರ್ತಿ ಹೋಗುತ್ತಾ?" ಎಂದು ಕೇಳಿದ. ಹೋಗುತ್ತದೆ ಎಂದೆ. "ಅಷ್ಟಕ್ಕೇನಾ?" ಎಂದ. ಅಷ್ಟಕ್ಕೇ ಎಂದೆ, ಪುಟ ತಿರುಗಿಸಿದೆ. ತಿರುಗಿಸಿದ ಪುಟದಲ್ಲಿ ಏನಿತ್ತೆಂದು ಈಗಲೂ ನೆನಪಿಲ್ಲ.

ನಮ್ಮ ಮೂರನೆಯ ಮಳೆಗಾಲ ನಿಮಗೆ ನೆನಪಿರಬೇಕು. ಆಚೆ ದಡದ ನಮ್ಮ ಹಳ್ಳಿಯಿಂದ ಅಮ್ಮನಿಗೆ ಜ್ವರ ಹೆಚ್ಚಾಗಿದೆಯೆಂದು ಸುದ್ದಿ ಬಂದು ನಾನು ಏಳು ದಿನಕ್ಕೆಂದು ಹೊರಟೆ. ಏಳನೆಯ ಸಂಜೆ ಹೊರಡುವ ಹೊತ್ತಿಗೆ ನದಿ ಏರಿತ್ತು, ದೋಣಿ ಬಿಡಲಿಲ್ಲ. ಕೊನೆಗೆ ಪಕ್ಕದ ಮನೆಯ ಬೆಸ್ತ ತನ್ನ ಸಣ್ಣ ದೋಣಿಯಲ್ಲಿ ತಂದುಬಿಟ್ಟ. ಮೆಟ್ಟಿಲು ಹತ್ತಿ ಬೇವಿನ ಮರದ ಹತ್ತಿರ, ನಮ್ಮ ಎಲ್ಲೆಗಲ್ಲಿನಿಂದ ಹತ್ತು ಹನ್ನೆರಡು ಹೆಜ್ಜೆ ಹೊರಗೆ, ನಿಂತು ಅಂಗೈ ಬಿಡಿಸಿ ನೋಡಿದೆ. ಗೆರೆಗಳು ಕಂಡವು. ಒಂದಲ್ಲ, ಮೂರೂ ಕಂಡವು. ಅಂಗೈಯ ಗೆರೆ ಕಂಡರೆ ಬೆಳಗಾಯಿತೆಂದೇ ಲೆಕ್ಕ.

ಎಲ್ಲೆಗಲ್ಲಿನ ಒಳಗೆ ನೀವು ಎಲೆ ಗುಡಿಸುತ್ತಿದ್ದಿರಿ. ನನ್ನನ್ನು ನೋಡಿ ಪೊರಕೆ ಎತ್ತಿ ಕರೆದಿರಿ. "ಬೇಗ್ ಬನ್ನಿ ಭಂತೆ, ಇನ್ನೂ ಕತ್ಲೆ ಇದೆ" ಎಂದಿರಿ. ನಾನು ಅಂಗೈ ಮುಚ್ಚಿಕೊಂಡು ಒಳಗೆ ಬಂದೆ. ಪ್ರಾತಃಕಾಲದ ಪಠಣದಲ್ಲಿ ದೊಡ್ಡ ಗುರುಗಳು ಎಷ್ಟು ಹೊತ್ತಿಗೆ ಬಂದೆಯೆಂದು ಕೇಳಿದರು. ಇನ್ನೂ ಕತ್ತಲಿತ್ತು, ಖೇಮಿಂದ ನೋಡಿದ್ದಾನೆ ಎಂದೆ. ಅವರು ನಿಮ್ಮ ಕಡೆ ತಿರುಗಿದರು, ನೀವು ಹೌದೆಂದು ತಲೆಯಾಡಿಸಿದಿರಿ. ಅಲ್ಲಿಗೆ ಮುಗಿಯಿತು.

ಮರುವರ್ಷ ಬೇಸಿಗೆಯಲ್ಲಿ ಮಂಡಲೆಯಿಂದ ಕಣ್ಣಿನ ವೈದ್ಯರು ಬಂದು ನಿಮ್ಮ ಕಣ್ಣು ಪರೀಕ್ಷಿಸಿದರಲ್ಲ. ಇಷ್ಟು ದಿನ ಗ್ರಂಥವನ್ನು ಹೇಗೆ ಓದಿದಿರಿ ಸ್ವಾಮಿ, ಮೂಗಿನಲ್ಲೇ ಎಂದು ಅವರು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕತ್ತಲಿಗೆ ಇದ್ದ ಒಬ್ಬನೇ ಸಾಕ್ಷಿಗೆ ಮಧ್ಯಾಹ್ನದಲ್ಲೂ ಕಣ್ಣು ಮಂಜೆಂದು ಅವತ್ತು ಗೊತ್ತಾಯಿತು. ಅವತ್ತೇ ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದ್ದರೆ ಎರಡು ಮಳೆಗಾಲದ ಭಿಕ್ಷುವಾಗಿ ನಿಮ್ಮ ಕೆಳಗಿನ ಜಾಗಕ್ಕೆ ಸರಿದು ಕೂರಬೇಕಿತ್ತು, ಅಷ್ಟೇ. ನನಗೆ ಆ ಒಂದು ಚಾಪೆಯ ಜಾಗ ದೊಡ್ಡದಾಗಿ ಕಂಡಿತು.

ಆಮೇಲೆ ಪ್ರತಿ ವರ್ಷ ದೀಪದ ಹುಣ್ಣಿಮೆಯ ಪವಾರಣೆಯಲ್ಲಿ ಹಿರಿಯನೆಂದು ನಿಮಗಿಂತ ಮೊದಲು ಮೊಣಕಾಲೂರಿ ಕೈಮುಗಿದು ಸಂಘವನ್ನು ಕೇಳಿಕೊಂಡಿದ್ದೇನೆ. ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ಕರುಣೆಯಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಮೂರು ಮೂರು ಸಲ. ಕೇಳುವಾಗಲೆಲ್ಲ ನೀವು ನೆಲ ನೋಡುತ್ತಿದ್ದಿರಿ. ಅದು ನಿಮ್ಮ ಅಭ್ಯಾಸವೋ, ಅಥವಾ ಆವತ್ತು ಬೆಳಕು ನಿಮಗೂ ಕಂಡಿತ್ತೋ, ನನಗೆ ತಿಳಿಯದು. ದಯವಿಟ್ಟು ಹೇಳಬೇಡಿ. ಕಂಡಿತ್ತು ಎಂದರೆ ನನಗಾಗಿ ನೀವು ಸುಳ್ಳು ಹೇಳಿದಂತಾಗುತ್ತದೆ, ಅದರ ಭಾರವನ್ನೂ ನಾನೇ ಹೊರಬೇಕು. ಇರುವುದೇ ಸಾಕಷ್ಟಿದೆ.

ಆದ್ದರಿಂದ ಲೆಕ್ಕ ಹೀಗಿದೆ. ನಿಮಗೆ ಮೂವತ್ತಾರು ಮಳೆಗಾಲ, ನನಗೆ ಮೂವತ್ತೈದು. ಪೀಠ ನಿಮ್ಮದು. ಒಂಬತ್ತು ದಿನ ಕಳೆದು ಪವಾರಣೆಯಲ್ಲಿ ಇದನ್ನು ಎಲ್ಲರ ಮುಂದೆ ಹೇಳುತ್ತೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದೆಂದು ಮೊದಲೇ ಬರೆದೆ. ನೀವು ಏನು ಮಾಡುತ್ತೀರೆಂದು ಗೊತ್ತು. ಏಳು ದಿನದ ಅನುಮತಿ ಪಡೆದು ಓಡಿ ಬಂದು, ಬೇಡ ಭಂತೆ, ಹಳೆಯ ಕಥೆ ಯಾಕೆ ಎಂದು ನನ್ನ ಬಾಯಿ ಮುಚ್ಚಿಸಲು ನೋಡುತ್ತೀರಿ. ಬರಬೇಡಿ. ಹುಣ್ಣಿಮೆ ಕಳೆದ ಮೇಲೆ ನಿಧಾನವಾಗಿ ದೋಣಿಯಲ್ಲಿ ಬನ್ನಿ.

ಪೀಠವೆಂದರೆ ನಿಮಗೆ ಶಿಕ್ಷೆಯೆಂದು ಬಲ್ಲೆ. ಊರವರ ಸಮಿತಿಯೊಂದಿಗೆ ಛಾವಣಿಯ ತಗಡಿನ ಬಗ್ಗೆ ಮೂರು ಗಂಟೆ ಮಾತಾಡಬೇಕು, ಮದುವೆಯಿಂದ ಹಿಡಿದು ಹೊಸ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಆಶೀರ್ವಾದ ಕೊಡಬೇಕು, ಪಾಠಕ್ಕೆ ಹೊತ್ತೇ ಸಿಗುವುದಿಲ್ಲ. ಇದು ನನಗೆ ಚೆನ್ನಾಗಿ ಒಗ್ಗುತ್ತಿತ್ತು. ಹೋಗಲಿ. ನಿಮ್ಮ ಪಾಠಗಳನ್ನು ನಾನು ಹೇಳುತ್ತೇನೆ, ಸಮಿತಿಯವರು ಬಂದಾಗ ಪಕ್ಕದಲ್ಲಿ ಕುಳಿತಿರುತ್ತೇನೆ. ಬಂದ ದಿನ ನಿಮಗೆ ಮೊದಲು ಬಾಗುವವನು ನಾನಾಗಿರಬೇಕೆಂದು ಆಸೆ. ಈ ಬಗ್ಗೆ ನನಗೆ ದುಃಖವಿಲ್ಲ ಎಂದು ಬರೆಯಹೊರಟೆ. ದುಃಖವಿದೆ. ಆದರೆ ಹೋದ ವಾರದಿಂದ ನಿದ್ದೆ ಚೆನ್ನಾಗಿ ಬರುತ್ತಿದೆ.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ಖಾಲಿಯಾಗಿದ್ದರೆ ಈ ಪತ್ರ ತಂದವರ ಕೈಯಲ್ಲಿ ಹೇಳಿಕಳಿಸಿ.

ಇಂತು, ಮೂವತ್ತೈದು ಮಳೆಗಾಲದ ಕಿರಿಯ ಭಿಕ್ಷು,
ಪದೀಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಸಂಜೆ ನದಿ ಏರಿರಲಿಲ್ಲ. ದೋಣಿ ಹೊತ್ತಿಗೆ ಸರಿಯಾಗಿ ಬಂದಿತ್ತು, ಅಂಬಿಗ ದಡದಿಂದ ಎರಡು ಸಲ ಕೂಗಿದ. ಅಮ್ಮನ ಜ್ವರ ಅಷ್ಟರಲ್ಲಿ ಬಿಟ್ಟಿತ್ತು. ನಾನು ಚೀವರ ಹೊದ್ದ ದಿನದಿಂದ ಅವಳು ನನ್ನೆದುರು ಕುರ್ಚಿಯಲ್ಲಿ ಕುಳಿತವಳಲ್ಲ. ಹೆತ್ತ ಮಗನಿಗೆ ಗುರುಗಳೇ ಎಂದು ನೆಲಕ್ಕೆ ಹಣೆ ಹಚ್ಚುತ್ತಿದ್ದಳು. ಆ ಸಂಜೆ ಒಣ ಸಿಗಡಿ ಹಾಕಿ ಪುಂಡಿ ಸೊಪ್ಪಿನ ಹುಳಿ ಮಾಡಿ, ಒಲೆಯ ಮುಂದಿನಿಂದಲೇ, "ಬಾರೋ ಪುಟ್ಟಾ, ಉಣ್ಣು ಬಾ, ಹೊಟ್ಟೆ ನೋಡು ಹೇಗೆ ಬೆನ್ನಿಗೆ ಅಂಟಿದೆ" ಎಂದು ಕರೆದಳು. ನಾನು ಭಿಕ್ಷುವೆಂಬುದನ್ನು ಮರೆತಿದ್ದಳೋ, ಬೇಕೆಂದೇ ಕರೆದಳೋ, ಕೇಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ನಾವು ಉಣ್ಣುವಂತಿಲ್ಲ ಎಂದು ಹೇಳಲೂ ಇಲ್ಲ. ಕುಳಿತು ಉಂಡೆ, ಎರಡು ಸಲ ಬಡಿಸಿಕೊಂಡೆ. ದೋಣಿ ಹೋಯಿತು. ಆ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ನೀವು ಬಂದ ಮೇಲೆ ನಿಮ್ಮೆದುರು ಕುಕ್ಕರಗಾಲಿನಲ್ಲಿ ಕುಳಿತು ಇದನ್ನೂ ನಿವೇದಿಸಬೇಕು. ನಿನ್ನ ತಪ್ಪು ನಿನಗೆ ಕಾಣುತ್ತಿದೆಯೇ ಎಂದು ನೀವು ಕ್ರಮದಂತೆ ಕೇಳುತ್ತೀರಿ. ಬೆಳಕು ಹರಿದದ್ದನ್ನು ಮುಚ್ಚಿಟ್ಟ ವಿಷಯಕ್ಕೆ ಕಾಣುತ್ತಿದೆ ಎಂದು ತಕ್ಷಣ ಹೇಳಬಲ್ಲೆ. ಆ ಊಟದ ವಿಷಯಕ್ಕೆ ಮೂವತ್ತಮೂರು ವರ್ಷದಿಂದ ನೋಡುತ್ತಿದ್ದೇನೆ, ಭಂತೆ, ಇನ್ನೂ ಕಂಡಿಲ್ಲ.