ಮೀನು ಕಾರ್ಖಾನೆಯಲ್ಲಿ ಹಾರ್ಮೋನಿಯಂ

ಜುಲೈ 9, ಬುಧವಾರ
ಚರ್ಚಿನಲ್ಲಿ ನಾನು ನುಡಿಸುವ, ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂ ಒರೆಸುತ್ತಿದ್ದೆ. ಕೇಟಿಲ್ ಬಂದ. ನನ್ನ ಹಳೇ ಶಿಷ್ಯ, ಈಗ ಹೊರದೇಶಗಳಲ್ಲೂ ಹೆಸರಾದ ‘ಹೇಡ್‌ಮಿರ್ಕುರ್’ ಬ್ಯಾಂಡಿನ ಹಾಡುಗಾರ. ಶನಿವಾರ ನಮ್ಮೂರ ಮೀನು ಕಾರ್ಖಾನೆಯಲ್ಲೇ ಅವರ ಕಾರ್ಯಕ್ರಮ. ಕೀಬೋರ್ಡಿನ ಹುಡುಗಿ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡಿದ್ದಾಳಂತೆ.

“ಸ್ಟೇನ್‌ವೋರ್, ನೀವೇ ನುಡಿಸ್ಬೇಕು. ಇದೇ ಹಾರ್ಮೋನಿಯಂ.”

“ನಂಗೆ ಎಪ್ಪತ್ತಾಗ್ತಾ ಬಂತು ಕಣೋ.”

“ಅದಕ್ಕೆ ನೂರಾಗಿದೆ. ಅದು ಬರ್ತಿದೆಯಲ್ಲ!”

ಒಪ್ಪಿಬಿಟ್ಟೆ.

ಜುಲೈ 10
ರಿಹರ್ಸಲ್. ಇಡೀ ಹಾಡಿಗೆ ಒಟ್ಟಿಗೆ ಒತ್ತುವ ಸ್ವರಗಳ ನಾಲ್ಕೇ ಗುಂಪು, ಇಷ್ಟೇನಾ ಅಂದುಕೊಂಡಿದ್ದೆ. ಆಗಲಿಲ್ಲ. ಪ್ರತಿ ಸಲ ಅವಸರಪಟ್ಟೆ. ಭಾನುವಾರ ನಮ್ಮ ಪಾದ್ರಿಗೆ ಇನ್ನೊಂದು ಚರ್ಚಿಗೆ ಓಡುವ ಆತುರ, ಹಾಡು ಬೇಗ ಮುಗಿಸಿ ನನಗೂ ಅದೇ ರೂಢಿ.

“ಇನ್ನೂ ನಿಧಾನ,” ಅಂದ ಕೇಟಿಲ್.

“ಇದಕ್ಕಿಂತ ನಿಧಾನ ಆದ್ರೆ ನಿಂತೇ ಹೋಗುತ್ತೆ!”

“ನಿಲ್ಲಲ್ಲ. ಒತ್ತಿ ಹಿಡ್ಕೊಂಡು ಸುಮ್ನೆ ಕೇಳಿ.”

ಹಿಡಿದೆ. ಗಿಟಾರು ಎಲ್ಲೋ ದೂರದಿಂದ ಬಂತು, ಆಮೇಲೆ ಡ್ರಮ್ಮು... ಎದೆಯೊಳಗೆ ಜಾಗ ದೊಡ್ಡದಾದಂತೆ. ಈ ಹುಡುಗನಿಗೆ ಸರಿಯಾಗಿ ಬೆರಳಿಡಲು ಕಲಿಸಿದವಳು ನಾನೇ!

ಜುಲೈ 11
ಫುಟ್‌ಬಾಲ್ ಮೈದಾನದ ತುಂಬಾ ಹಾಡು ಕೇಳಲು ದೇಶವಿದೇಶದಿಂದ ಬಂದವರ ಟೆಂಟು. ಊರವರೆಲ್ಲ ಕೂತು ಹರಟುವ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಅಕ್ಕ ಸೋಲ್ರೂನ್ ಶುರು ಮಾಡಿದಳು.

“ಆ ಹುಡುಗರದೂ ಒಂದು ಹಾಡೇನೇ? ಕೊಟ್ಟಿಗೆ ಬಾಗಿಲು ಗಾಳಿಗೆ ಕಿರುಗುಟ್ಟಿದ ಹಾಗಿರುತ್ತೆ.”

ಕೋಪ ಬಂತು. ಪಕ್ಕದಲ್ಲಿ ಮೆಕ್ಸಿಕೋದಿಂದ ಬಂದವನೊಬ್ಬ. ಅಲ್ಲಿ ಸಿಟಿ ಬಸ್ ಓಡಿಸುತ್ತಾನಂತೆ. ನಮ್ಮ ಭಾಷೆಯ ಹಾಡು ಅರ್ಥವಾಗುತ್ತಾ ಅಂತ ಕೇಳಿದೆ.

“ಒಂದು ಪದಾನೂ ಇಲ್ಲ. ಟ್ರಾಫಿಕ್ಕಲ್ಲಿ ಅವರ ಹಾಡು ಹಾಕ್ಕೋತೀನಿ. ಆವತ್ತು ಯಾರಿಗೂ ಬೈಯಲ್ಲ.”

ಸೋಲ್ರೂನ್ ಎದ್ದು ಟವೆಲ್ ಹುಡುಕಿದಳು!

ಜುಲೈ 13
ನಿನ್ನೆ ಬರೆಯಲು ಕೈಯೇ ಓಡಲಿಲ್ಲ.

ನಿನ್ನೆಯ ಕಾರ್ಯಕ್ರಮದ ಕೊನೆಯ ಹಾಡು. ಡ್ರಮ್ಮು ಏರುತ್ತಿತ್ತು — ಕರೆಂಟ್ ಹೋಯಿತು. ಗಿಟಾರು, ಮೈಕು ಎಲ್ಲ ಸತ್ತವು. ಗಾಬರಿಗೆ ಡ್ರಮ್ಮೂ ನಿಂತಿತು. ಉಳಿದದ್ದು ಕಾಲಲ್ಲಿ ತಿದಿ ಒತ್ತುವ ನನ್ನ ಹಾರ್ಮೋನಿಯಂ ಒಂದೇ. ಕೇಟಿಲ್ ನನ್ನತ್ತ ನೋಡಿದ. ಒತ್ತಿದ ಸ್ವರದಿಂದ ಕೈ ತೆಗೆಯಲಿಲ್ಲ. ಅವಸರ ಮಾಡಲಿಲ್ಲ. ಅವನು ಮೈಕಿಲ್ಲದೆ ಹಾಡಿದ. ಆಮೇಲೆ ಒಬ್ಬೊಬ್ಬರೇ ಗುನುಗತೊಡಗಿದರು. ಕಾರ್ಖಾನೆಯಲ್ಲಿ ಕೆಲಸಕ್ಕೆ ಬಂದ ಪೋಲೆಂಡಿನ ಹೆಂಗಸರು, ಟೆಂಟಿನವರು, ಮೆಕ್ಸಿಕೋದ ಬಸ್ಸಿನವನು. ಮಾತು ಗೊತ್ತಿಲ್ಲದವರಿಗೆಲ್ಲ ರಾಗ ಗೊತ್ತಿತ್ತು. ಇಡೀ ಷೆಡ್ಡು ಗುಂಯ್ಗುಟ್ಟಿತು. ಕರೆಂಟ್ ಬಂದರೂ ಯಾರೂ ನಿಲ್ಲಿಸಲಿಲ್ಲ.

ನಮ್ಮ ಹುಡುಗರು. ನಮ್ಮೂರು. ಜಗತ್ತೇ ಇಲ್ಲಿತ್ತು.

ಸೋಲ್ರೂನ್ ಅಳುತ್ತಿದ್ದಳು. ಮೀನಿನ ವಾಸನೆಗಂತೆ.

ಜುಲೈ 16, ಮಧ್ಯಾಹ್ನ
ಕೇಟಿಲ್ ಫೋನ್. ಆ ಹುಡುಗಿಯ ಕೈ ಇನ್ನೂ ಕೂಡಿಲ್ಲ. ಮುಂದಿನ ವಾರ ಬರ್ಲಿನ್ನಿನಲ್ಲಿ ಕಾರ್ಯಕ್ರಮ — ನೀವೇ ಬನ್ನಿ ಅಂದ. ನಾನು ಬಾಯಿ ಬಿಡುವ ಮೊದಲೇ ಸೋಲ್ರೂನ್ ಫೋನ್ ಕಿತ್ತುಕೊಂಡಳು.

“ಬರ್ತಾಳೆ, ಬರ್ತಾಳೆ! ನನ್ ತಂಗಿ ಬಿಟ್ರೆ ಇನ್ಯಾರು ನುಡಿಸ್ತಾರೆ? ನಂಗೂ ಒಂದ್ ಸೀಟ್ ಇಡಪ್ಪಾ!”

ಈಗ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಿದ್ದಾಳೆ. ಪೆಟ್ಟಿಗೆ ಬಿದ್ದ ಸದ್ದು. ಬಂದು ಹಿಡ್ಕೊಳ್ಳೇ ಅಂತ ಕೂಗುತ್ತಿದ್ದಾಳೆ, ಹೋಗಿ ನೋಡಬೇಕು—